ಮಗು ಹುಟ್ಟೋಕ್ ಮುಂಚೆ ನಿಜವಾಗ್ಲೂ ಏನೇನ್ ತಗೊಂಡಿರ್ಬೇಕು?

ಹೊಸ_ಅಪ್ಪ:
ಎಲ್ರಿಗೂ ನಮಸ್ಕಾರ. ನನ್ನ ಹೆಂಡತಿಗೆ ಎಂಟನೇ ತಿಂಗಳು ನಡೀತಿದೆ, ಮೊದಲನೇ ಮಗು. ಆನ್‌ಲೈನಲ್ಲಿ ಲಿಸ್ಟ್ ನೋಡಿದ್ರೆ ಮುಗಿಯೋದೇ ಇಲ್ಲ, ವೈಪ್ಸ್ ಬಿಸಿ ಮಾಡೋ ಮಷೀನು, ತೊಟ್ಟಿಲಿಗೆ ಸುತ್ತ ಕಟ್ಟೋ ಬಂಪರ್, ವಾಕರ್, ಆಗ ತಾನೇ ಹುಟ್ಟಿದ ಮಗೂಗೆ ಶೂ ಕೂಡ ಇದೆ. ಅವಳು ಸ್ವಲ್ಪ ತಗೊಳ್ಳೋಣ, ಮಿಕ್ಕಿದ್ದು ಬೇಕಾದಾಗ ತಂದ್ರಾಯ್ತು ಅಂತಾಳೆ, ನನಗೆ ಮಧ್ಯರಾತ್ರಿ ಏನೋ ಬೇಕಾಗಿ ಮನೇಲಿ ಇಲ್ದೇ ಹೋದ್ರೆ ಅನ್ನೋ ಭಯ. ಮೊದಲ ದಿನದಿಂದ್ಲೇ ಇರಲೇಬೇಕಾದ್ದು ಯಾವ್ದು, ಕಾಯಬಹುದಾದ್ದು ಯಾವ್ದು? ಅನುಭವ ಇರೋರು ದಯವಿಟ್ಟು ಹೇಳಿ.

ಇಬ್ಬರ_ಅಮ್ಮ:
ನಿಮ್ಮ ಮನೆಯವರು ಹೇಳ್ತಿರೋದೇ ಸರಿ ಸರ್. ಮೊದಲ ಒಂದೂವರೆ ತಿಂಗಳಿಗೆ ಏನ್ ಬೇಕು ಅಷ್ಟನ್ನೇ ಯೋಚ್ನೆ ಮಾಡಿ. ಬಟ್ಟೆ ಅಂದ್ರೆ ಮುಂದುಗಡೆ ಕಟ್ಟೋ ಅಥವಾ ಪ್ರೆಸ್ ಬಟನ್ ಇರೋ ಮೆತ್ತನೆ ಹತ್ತಿ ಬಟ್ಟೆ ಏಳೆಂಟು ಜೊತೆ ಸಾಕು, ತಲೆ ಮೇಲಿಂದ ಎಳೆದು ಹಾಕೋದು ಬೇಡ, ಕುತ್ತಿಗೆ ನಿಂತಿರಲ್ಲ ಹಾಕೋರಿಗೂ ಭಯ ಆಗತ್ತೆ. ಒಂದೆರಡು ಕುಲಾವಿ, ಹೊದಿಸೋಕೆ ತೆಳು ಬಟ್ಟೆ, ಹಾಲು ಕುಡಿದು ಕಕ್ಕಿದಾಗ ಒರೆಸೋಕೆ ಹತ್ತಿ ಬಟ್ಟೆ ಮಾತ್ರ ಜಾಸ್ತಿನೇ ಇಟ್ಕೊಳ್ಳಿ, ಎಷ್ಟಿದ್ರೂ ಒಣಗೋದ್ರೊಳಗೆ ಮತ್ತೆ ಬೇಕಾಗತ್ತೆ.
ಡಯಾಪರ್ ದಿನಕ್ಕೆ 8ರಿಂದ 12 ಹೋಗಬಹುದು ಅಂತ ನ್ಯೂಬಾರ್ನ್ ಸೈಜ್ ರಾಶಿ ಹಾಕ್ಬೇಡಿ, ಮಗು ತೂಕ ಜಾಸ್ತಿ ಇದ್ರೆ ಆ ಸೈಜ್ ಬೇಗ ಬಿಗಿ ಆಗತ್ತೆ. ಒಂದು ಪ್ಯಾಕ್ ಆ ಸೈಜು, ಒಂದು ಅದರ ಮುಂದಿನ ಸೈಜು, ಅಷ್ಟೇ. ಹೊಕ್ಕುಳಬಳ್ಳಿ ಒಣಗಿ ಬೀಳೋಕೆ 1ರಿಂದ 3 ವಾರ ಹಿಡಿಯತ್ತೆ, ಅಲ್ಲೀತನಕ ಡಯಾಪರ್ ಅಂಚನ್ನ ಹೊಕ್ಕುಳ ಕೆಳಗೆ ಮಡಚಿ ಹಾಕಿ, ಗಾಳಿ ಆಡ್ಬೇಕು.
ಇನ್ನೊಂದು, ತಂದ ಬಟ್ಟೆನೆಲ್ಲ ವಾಸನೆ ಇಲ್ದಿರೋ ಸೋಪಲ್ಲಿ ಒಗೆದು ಒಣಗಿಸಿಡಿ, ಆಮೇಲೆ ಸಾಕ್ಸು ಗ್ಲೌಸು ಎಲ್ಲ ಒಳಗಡೆ ತಿರುಗಿಸಿ ನೋಡಿ. ಅಲ್ಲಿ ಬಿಟ್ಟಿರೋ ದಾರ ಬೆರಳಿಗೆ ಸುತ್ಕೊಂಡು ರಕ್ತ ಓಡಾಡೋದು ನಿಂತು ಬೆರಳು ಊದ್ಕೊಳ್ಳತ್ತೆ, ಮಗು ಯಾಕೆ ಅಳ್ತಿದೆ ಅಂತನೇ ಗೊತ್ತಾಗಲ್ಲ.

ವಾರ್ಡ್_ಸಿಸ್ಟರ್:
ನಾನು ಮಕ್ಕಳ ವಾರ್ಡಲ್ಲಿ ಕೆಲಸ ಮಾಡೋಳು. ಬಟ್ಟೆ ಹೆಚ್ಚು ಕಮ್ಮಿ ಆದ್ರೆ ನಡೆಯತ್ತೆ, ಮಲಗೋ ಜಾಗ ಮಾತ್ರ ಸರಿಯಾಗಿರ್ಲೇಬೇಕು. ಗಟ್ಟಿಯಾದ, ಸಮತಟ್ಟಾದ ಹಾಸಿಗೆ, ಅದಕ್ಕೆ ಬಿಗಿಯಾಗಿ ಕೂರೋ ಬೆಡ್‌ಶೀಟು, ಮಗು ಅಂಗಾತ, ಅಷ್ಟೇ. ದಿಂಬು, ದಪ್ಪ ಹೊದಿಕೆ, ಗೊಂಬೆ, ಬಂಪರ್ ಯಾವ್ದೂ ಒಳಗೆ ಬೇಡ. ಮೂಗು ಬಾಯಿ ಮುಚ್ಕೊಂಡ್ರೆ ಪುಟ್ಟ ಮಗೂಗೆ ತಲೆ ತಿರುಗಿಸ್ಕೊಳ್ಳೋ ಶಕ್ತಿ ಇರಲ್ಲ. ಅಮೆರಿಕದಲ್ಲಿ ಮೆತ್ತನೆ ಬಂಪರ್ ಮಾರೋದನ್ನ 2022ರಲ್ಲಿ ಕಾನೂನು ಮಾಡಿ ನಿಲ್ಲಿಸಿದ್ರು, ಕೆನಡಾದಲ್ಲಿ ವಾಕರ್ 2004ರಿಂದ್ಲೇ ನಿಷೇಧ, ಆದ್ರೂ ಎರಡೂ ಇನ್ನೂ ಲಿಸ್ಟ್‌ಗಳಲ್ಲಿ ಬರ್ತಾನೇ ಇದಾವೆ, ಅದು ನೋಡಿದ್ರೆ ಸಂಕಟ ಆಗತ್ತೆ. ಕ್ರಿಬ್, ಅಂದ್ರೆ ಸುತ್ತ ಸರಳು ಇರೋ ಮಗು ಮಂಚ, ತಗೊಳ್ಳೋದಾದ್ರೆ ಸರಳುಗಳ ನಡುವೆ 6 ಸೆಂಟಿಮೀಟರ್‌ಗಿಂತ ಜಾಸ್ತಿ ಸಂದು ಇರ್ಬಾರ್ದು.
ಮಧ್ಯರಾತ್ರಿ ಬೇಕಾಗೋ ವಸ್ತು ಅಂದ್ರೆ ಡಿಜಿಟಲ್ ಥರ್ಮಾಮೀಟರ್, ಅದನ್ನ ಮೊದಲೇ ತಗೊಳ್ಳಿ. 3 ತಿಂಗಳೊಳಗಿನ ಮಗೂಗೆ 38 ಡಿಗ್ರಿ ಸೆಲ್ಸಿಯಸ್, ಅಂದ್ರೆ 100.4 ಫ್ಯಾರನ್‌ಹೀಟ್ ಮುಟ್ಟಿದ್ರೆ ಮನೇಲಿ ಔಷಧಿ ಕೊಟ್ಕೊಂಡು ಬೆಳಗಾಗ್ಲಿ ಅಂತ ಕಾಯ್ಬೇಡಿ, ಆಗ್ಲೇ ಡಾಕ್ಟರ್ ಹತ್ರ ಹೋಗಿ. ಪೌಡರ್ ಬೇಡ, ಉಸಿರಲ್ಲಿ ಒಳಗೆ ಹೋಗತ್ತೆ.

ತುಂಬುಗನಸು:
ಎಲ್ಲ ಮಗೂದೇ ಆಯ್ತು, ಅಮ್ಮಂದು ಯಾರೂ ಹೇಳಲೇ ಇಲ್ವಲ್ಲ? ಹೆರಿಗೆ ಆದ್ಮೇಲೆ ಬ್ಲೀಡಿಂಗ್ 4ರಿಂದ 6 ವಾರ ಇರಬಹುದು, ಮಾಮೂಲಿ ಪ್ಯಾಡ್ ಮೊದಲ ದಿನಗಳಿಗೆ ಸಾಕಾಗಲ್ಲ, ದಪ್ಪದ್ದು ಉದ್ದದ್ದು ಬೇಕು. ಮುಂದೆ ತೆರೆಯೋ ನೈಟಿ ಎರಡು ಮೂರು, ಫೀಡಿಂಗ್ ಬ್ರಾ, ಹಾಲು ಸೋರಿದ್ರೆ ಹೀರ್ಕೊಳ್ಳೋ ಪ್ಯಾಡು. ದಿನಕ್ಕೆ 8ರಿಂದ 12 ಸಲ ಹಾಲು ಕುಡಿಸ್ಬೇಕು, ಬೆನ್ನಿಗೆ ಮೊಣಕೈಗೆ ಆಸರೆ ಕೊಡೋ ದಿಂಬು ಇಲ್ದಿದ್ರೆ ಭುಜ ಸೆಳೆತ ಶುರುವಾಗತ್ತೆ. ಎದೆಹಾಲು ತೆಗೆಯೋ ಪಂಪು, ಬಾಟಲಿ, ಬಾಟಲಿ ಕ್ರಿಮಿ ಕಳೆಯೋ ಸ್ಟೆರಿಲೈಸರ್ ಮೊದಲೇ ತರೋದು ನನ್ ಪ್ರಕಾರ ಬೇಡ, ಹಾಲುಣಿಸೋದು ಹೇಗೆ ನಡೀತಿದೆ ನೋಡ್ಕೊಂಡು ತಗೊಳ್ಳಿ. ಅಣ್ಣ, ಇವೆಲ್ಲ ನೀವೇ ಮೊದಲು ತಂದಿಡಿ, ಅವರು ಕೇಳೋ ಹಾಗಾಗ್ಬಾರ್ದು.

ಹೊಸ_ಅಪ್ಪ:
ಅಮ್ಮಂದು ನನ್ ಲಿಸ್ಟಲ್ಲಿ ಇರಲೇ ಇಲ್ಲ, ಇವತ್ತೇ ಸೇರಿಸ್ತೀನಿ. ಇನ್ನೊಂದು ಪ್ರಶ್ನೆ, ಸಂಬಂಧಿಕರೊಬ್ಬರು ತಮ್ಮ ಮಗೂದು ಬಟ್ಟೆ, ಕಾರ್ ಸೀಟ್ ಎರಡೂ ಕೊಡ್ತೀವಿ ಅಂತಿದಾರೆ, ತಗೋಬಹುದಾ?

ಇಬ್ಬರ_ಅಮ್ಮ:
ಬಟ್ಟೆ ಖುಷಿಯಾಗಿ ತಗೊಳ್ಳಿ, ಒಗೆದು ಒಗೆದು ಮೆತ್ತಗಾಗಿರತ್ತೆ. ಕಾರ್ ಸೀಟ್ ಮಾತ್ರ ಕೇಳಿ ತಿಳ್ಕೊಂಡು ತಗೊಳ್ಳಿ. ಆಕ್ಸಿಡೆಂಟ್ ಆಗಿರೋ ಕಾರಲ್ಲಿ ಇದ್ದಿದ್ದಾದ್ರೆ ಬೇಡ, ಹೊರಗೆ ಕಾಣದೇ ಒಳಗೆ ಬಿರುಕು ಬಿಟ್ಟಿರಬಹುದು. ಅಡಿಭಾಗದಲ್ಲೋ ಬೆನ್ನ ಹಿಂದೋ ಎಕ್ಸ್‌ಪೈರಿ ಡೇಟ್ ಇರತ್ತೆ ನೋಡಿ. ಮಗು ಮುಖ ಕಾರಿನ ಹಿಂಬದಿಗೆ ಇರೋ ಹಾಗೆ ಕೂರಿಸ್ಬೇಕು, ಏರ್‌ಬ್ಯಾಗ್ ಇರೋ ಮುಂದಿನ ಸೀಟಲ್ಲಿ ಅಂತೂ ಬೇಡವೇ ಬೇಡ. ದಪ್ಪ ಜಾಕೆಟ್ ತೆಗೆದು ಬೆಲ್ಟ್ ಹಾಕಿ, ಭುಜದ ಹತ್ರ ಬೆಲ್ಟನ್ನ ಎರಡು ಬೆರಳಲ್ಲಿ ಚಿವುಟಿ ನೋಡಿ, ಮಡಿಕೆ ಸಿಕ್ಕಿದ್ರೆ ಇನ್ನೂ ಸಡಿಲ ಇದೆ ಅಂತ. ಆಸ್ಪತ್ರೆಯಿಂದ ಬರೋ ದಿನ ಕಲಿಯೋಕಾಗಲ್ಲ, ಈಗ್ಲೇ ಒಂದು ಗೊಂಬೆ ಕೂರಿಸಿ ಪ್ರಾಕ್ಟೀಸ್ ಮಾಡಿ.