1972ರ ಫೋರ್ಡ್ ಎಫ್-100 ಪಿಕಪ್ ಸಿಕ್ಕಿದೆ, ತಗೊಳ್ಳಲಾ? ಏನೇನು ನೋಡಬೇಕು?

ಸ್ಯಾಕ್ರಮೆಂಟೊ ಕನ್ನಡಿಗ

ನಮಸ್ಕಾರ. ಹಳೇ ಗಾಡಿ ಹುಚ್ಚಿರೋರು ಇಲ್ಲಿ ನಾಲ್ಕೈದು ಜನ ಇದ್ದೀರಿ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ.

ಅರಿಜೋನಾದ ಟೂಸಾನ್ ಹತ್ತಿರ 1972ರ ಫೋರ್ಡ್ ಎಫ್-100 ಒಂದು ಮಾರಾಟಕ್ಕಿದೆ. ಎಂಟಡಿ ಬೆಡ್ (ಹಿಂದೆ ಸಾಮಾನು ಹಾಕುವ ಜಾಗ), ವಿ8 ಇಂಜಿನ್, ಆಟೋಮ್ಯಾಟಿಕ್ ಗೇರ್. ಫೋಟೋ ಹಾಕಿದ್ದೇನೆ. ಹಸಿರು ಬಿಳಿ ಬಣ್ಣ, ಫ್ಯಾಕ್ಟರಿಯಲ್ಲಿ ಹೊಡೆದದ್ದೇ. ರೂಫ್ ಮತ್ತು ಬಾನೆಟ್ ಮೇಲೆ ಬಿಸಿಲಿಗೆ ಬಣ್ಣ ಸುಣ್ಣದ ಥರ ಪುಡಿ ಆಗಿದೆ, ಪಕ್ಕದಲ್ಲೆಲ್ಲ ಚೆನ್ನಾಗಿದೆ. ಮಾರುತ್ತಿರುವವರ ತಂದೆ ಹೊಸದಾಗಿ ಕೊಂಡ ಗಾಡಿಯಂತೆ, ಆಮೇಲೆ ವರ್ಷಗಟ್ಟಲೆ ಶೆಡ್‌ನಲ್ಲೇ ನಿಂತಿತ್ತು. ಇಂಜಿನ್ ಸ್ಟಾರ್ಟ್ ಆಗುತ್ತೆ, ಬ್ರೇಕ್ ಪೆಡಲ್ ಮಾತ್ರ ಪೂರ್ತಿ ಕೆಳಗೆ ಹೋಗುತ್ತೆ ಅಂದರು. ಕೇಳುತ್ತಿರುವುದು 12,000 ಡಾಲರ್.

ನಾನು ಆಯಿಲ್ ಬದಲಿಸುವುದು, ಬ್ರೇಕ್ ಪ್ಯಾಡ್ ಹಾಕುವುದು ಇಷ್ಟು ಮಾಡಿಕೊಂಡಿದ್ದೇನೆ. ವೆಲ್ಡಿಂಗ್ ಬರಲ್ಲ. ಮನೆಯಲ್ಲಿ ಇನ್ನೂ ಹೇಳಿಲ್ಲ, ಮೊದಲು ನಿಮ್ಮನ್ನು ಕೇಳಿ ಆಮೇಲೆ ಹೇಳೋಣ ಅಂತ. ಹೋಗಿ ನೋಡಿದಾಗ ಎಲ್ಲೆಲ್ಲಿ ನೋಡಬೇಕು? ತಗೊಂಡರೆ ಓಡಿಸಿಕೊಂಡೇ ಬರಬಹುದಾ? 800 ಮೈಲಿಗೂ ಜಾಸ್ತಿ ಆಗುತ್ತೆ. ಮತ್ತೆ ಬಣ್ಣ ಹೊಸದಾಗಿ ಹೊಡೆಸಬೇಕಾ?

ಟೆಕ್ಸಾಸ್ ತುಮಕೂರು

ಓಡಿಸಿಕೊಂಡು ಬರಬೇಡಿ. ಬೇರೆ ಏನೇ ಕೇಳದಿದ್ದರೂ ಇದೊಂದು ಕೇಳಿ. ಬ್ರೇಕ್ ಇಲ್ಲದ ಗಾಡಿ, ವಯಸ್ಸಾದ ಟೈರು, ಟ್ಯಾಂಕಿನಲ್ಲಿ ಯಾವ ಕಾಲದ ಪೆಟ್ರೋಲೋ ಏನೋ. ಟ್ರೇಲರ್ ಮೇಲೆ ಹಾಕಿಸಿಕೊಂಡು ಬನ್ನಿ, ಅದರ ಬಾಡಿಗೆಯನ್ನೂ ಗಾಡಿ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಿ.

ನನ್ನ ಹತ್ತಿರ 1970ರದ್ದಿದೆ. 1967ರಿಂದ 72ರವರೆಗಿನ ಬಾಡಿ ಒಂದೇ ಜಾತಿ, ಇಲ್ಲಿಯವರು ಬಂಪ್‌ಸೈಡ್ ಅಂತಾರೆ, ಪಕ್ಕದಲ್ಲಿ ಉದ್ದಕ್ಕೂ ತಗಡು ಹೊರಗೆ ಉಬ್ಬಿರುತ್ತಲ್ಲ ಅದಕ್ಕೆ. 73ರಿಂದ 79ರವರೆಗಿನದ್ದರಲ್ಲಿ ಅದೇ ಜಾಗ ಒಳಕ್ಕೆ ಹೋಗಿರುತ್ತೆ, ಅದು ಡೆಂಟ್‌ಸೈಡ್. ಎರಡಕ್ಕೂ ಹೊಸ ಬಿಡಿಭಾಗ ಧಾರಾಳವಾಗಿ ಸಿಗುತ್ತೆ. ಬಾಗಿಲ ರಬ್ಬರ್, ವೈರಿಂಗ್, ನೆಲದ ತಗಡು, ಕ್ಯಾಬಿನ್ ಮೂಲೆ ಎಲ್ಲಾ ಹೊಸದಾಗಿ ಮಾಡಿ ಮಾರುವವರಿದ್ದಾರೆ. ಆ ಚಿಂತೆ ಬೇಡ.

ಮೊದಲು ಡ್ರೈವರ್ ಬಾಗಿಲು ತೆಗೆದು ಅಲ್ಲಿರುವ ಪ್ಲೇಟ್ ಓದಿ. ನಂಬರ್ ಎಫ್10 ಅಂತ ಶುರುವಾಗಬೇಕು, ಅಂದ್ರೆ ಎರಡು ಚಕ್ರಕ್ಕೆ ಮಾತ್ರ ಪವರ್ ಹೋಗುವ ಎಫ್-100. ಅದರ ಮುಂದಿನ ಅಕ್ಷರ ಇಂಜಿನ್‌ದು. ವೈ ಇದ್ದರೆ 360, ಎಚ್ ಇದ್ದರೆ 390, ಜಿ ಇದ್ದರೆ 302, ಇವು ಕ್ಯೂಬಿಕ್ ಇಂಚಿನಲ್ಲಿ ಇಂಜಿನ್ ಗಾತ್ರ. ಬಾಗಿಲು ಬಿಚ್ಚಿ ಬೇರೆ ಗಾಡಿಗೆ ಹಾಕುವುದೇನು ಕಷ್ಟ, ಅದಕ್ಕೇ ಚಾಸಿಯ ಮೇಲೆ ಪ್ಯಾಸೆಂಜರ್ ಕಡೆ ಕೆತ್ತಿರುವ ನಂಬರನ್ನೂ ಉಜ್ಜಿ ನೋಡಿ, ಎರಡೂ ತಾಳೆ ಆಗಬೇಕು. ಇನ್ನೊಂದು, 360 ಮತ್ತು 390 ಹೊರಗಿನಿಂದ ನೋಡಿದರೆ ಗೊತ್ತೇ ಆಗಲ್ಲ. ಬೋರ್, ಅಂದ್ರೆ ಸಿಲಿಂಡರಿನ ಅಗಲ ಕೂಡ ಒಂದೇ, 4.05 ಇಂಚು. ವ್ಯತ್ಯಾಸ ಸ್ಟ್ರೋಕ್‌ನಲ್ಲಿ, ಅಂದ್ರೆ ಪಿಸ್ಟನ್ ಓಡುವ ದೂರದಲ್ಲಿ, 360ಕ್ಕೆ 3.5 ಇಂಚು, 390ಕ್ಕೆ 3.78. ಯಾರಾದರೂ 390 ಅಂತ ಬೆಲೆ ಏರಿಸಿದರೆ ಪ್ಲಗ್ ಬಿಚ್ಚಿ ತೂತಿಗೆ ಮರದ ಕಡ್ಡಿ ಇಳಿಸಿ, ಇಂಜಿನ್ ಕೈಯಲ್ಲಿ ತಿರುಗಿಸಿ ಪಿಸ್ಟನ್ ಎಷ್ಟು ಮೇಲೆ ಕೆಳಗೆ ಹೋಗುತ್ತೆ ಅಂತ ಅಳೆಯಿರಿ. ಸರೀ ಅಳತೆ ಸಿಗಲ್ಲ, ಆದರೆ ಯಾವುದು ಅಂತ ಗೊತ್ತಾಗುವಷ್ಟು ಸಿಗುತ್ತೆ.

ಇನ್ನು ಪೆಟ್ರೋಲ್ ಟ್ಯಾಂಕ್. ಇದು ಗೊತ್ತಿಲ್ಲದವರು ಬೆಚ್ಚಿ ಬೀಳುತ್ತಾರೆ, ಟ್ಯಾಂಕ್ ಇರುವುದು ಕ್ಯಾಬಿನ್ ಒಳಗೆ, ನೀವು ಕೂರುವ ಸೀಟಿನ ಬೆನ್ನಿಗೆ. ಪೆಟ್ರೋಲ್ ಹಾಕುವ ಮುಚ್ಚಳ ಡ್ರೈವರ್ ಬಾಗಿಲ ಹಿಂದೆ ಕ್ಯಾಬಿನ್ನಿಗೇ ಇದೆ. ಸೀಟಿನ ಬೆನ್ನು ಮುಂದಕ್ಕೆ ಮಡಚಿ ಮೂಗು ಹಾಕಿ. ಫಿಲ್ಲರ್ ಕತ್ತಿನ ರಬ್ಬರ್ ಹೋಸ್, ಗಾಳಿ ಹೋಗುವ ಸಣ್ಣ ಹೋಸ್, ಪೆಟ್ರೋಲ್ ಮಟ್ಟ ತೋರಿಸುವ ಫ್ಲೋಟ್ ಕೂರಿಸಿರುವ ಗ್ಯಾಸ್ಕೆಟ್, ಈ ಮೂರು ಕಡೆಯಿಂದ ವಾಸನೆ ಬರುತ್ತೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಆ ಕಾಲದ ರಬ್ಬರ್ ಬೇಗ ಹಾಳಾಗುತ್ತೆ, ಎಲ್ಲಾ ಹೋಸ್ ಬದಲಿಸಲೇಬೇಕು. ಟ್ಯಾಂಕನ್ನೇ ತೆಗೆದು ಬೆಡ್ ಕೆಳಗೆ ಚಾಸಿ ನಡುವೆ ಹಾಕಿಸುವವರು ತುಂಬಾ ಜನ ಇದ್ದಾರೆ. ನಾನೂ ಹಾಗೇ ಮಾಡಿದ್ದೇನೆ. ಆಕ್ಸಿಡೆಂಟ್ ಆದಾಗ ಬೆನ್ನ ಹಿಂದೆ ಪೆಟ್ರೋಲ್ ಇರುವುದು ನನಗೆ ಇಷ್ಟ ಇಲ್ಲ, ಮಕ್ಕಳನ್ನು ಕೂರಿಸುವ ಗಾಡಿ.

ಬೆಲೆ ಬಗ್ಗೆ ಹೇಳುವುದಾದರೆ ಆರೂವರೆ ಅಡಿ ಬೆಡ್ ಇರುವುದಕ್ಕೆ ಬೇಡಿಕೆ ಜಾಸ್ತಿ, ಎಂಟಡಿಗೆ ಕಡಿಮೆ. ಬ್ರೇಕ್ ಇಲ್ಲ ಅಂತ ಅವರೇ ಹೇಳಿದ್ದಾರಲ್ಲ, ಅದನ್ನೇ ಹಿಡಿದು ಚೌಕಾಸಿ ಮಾಡಿ.

ಡೆಟ್ರಾಯಿಟ್ ದಾವಣಗೆರೆ

ಬಣ್ಣ ಮುಟ್ಟಬೇಡಿ ಸರ್. ಕೈ ಮುಗಿದು ಕೇಳ್ತೀನಿ.

ನಾನಿರುವ ಊರಲ್ಲಿ ಚಳಿಗಾಲದ ಉದ್ದಕ್ಕೂ ರಸ್ತೆಗೆ ಉಪ್ಪು ಸುರಿಯುತ್ತಾರೆ. ಇಲ್ಲಿ ಇದೇ ಗಾಡಿ ಸಿಕ್ಕರೆ ಮೇಲೆ ಫಳಫಳ ಹೊಸ ಬಣ್ಣ, ಕೆಳಗೆ ಕೈ ಹಾಕಿದರೆ ತಗಡು ಪುಡಿಪುಡಿ. ಅರಿಜೋನಾ ಗಾಡಿಗೆ ಜನ ಅಷ್ಟು ದೂರದಿಂದ ಹೋಗುವುದೇ ಒಣ ತಗಡಿಗೋಸ್ಕರ. ಬಿಸಿಲು ಡ್ಯಾಶ್‌ಬೋರ್ಡ್, ಸೀಟು, ರಬ್ಬರ್ ಎಲ್ಲಾ ಸುಟ್ಟು ಹಾಕಿರುತ್ತೆ, ಅದು ಬಿಡಿ, ಅವೆಲ್ಲ ದುಡ್ಡು ಕೊಟ್ಟರೆ ಬರುತ್ತೆ. ಹಳೇ ಬಣ್ಣ ಇನ್ನೂ ಇದೆ ಅಂದ್ರೆ ಪುಟ್ಟಿ ಮೆತ್ತಿ ಮುಚ್ಚಿಟ್ಟಿದ್ದು ಏನೂ ಇಲ್ಲ ಅಂತ ಅರ್ಧ ಭರವಸೆ. ಅದನ್ನು ಕೆರೆದು ಹಾಕಿದ ಮೇಲೆ ನಿಮ್ಮದೂ ಎಲ್ಲರ ಥರದ್ದೇ ಒಂದು ಗಾಡಿ.

ಆದರೂ ಒಂದು ಅಯಸ್ಕಾಂತ ಜೇಬಿನಲ್ಲಿಟ್ಟುಕೊಂಡು ಹೋಗಿ, ತೆಳು ಬಟ್ಟೆ ಸುತ್ತಿ ಇಡಿ, ಬಣ್ಣಕ್ಕೆ ಗೀರು ಬೀಳಬಾರದು. ಬಾಗಿಲ ಹಿಂದೆ ಕ್ಯಾಬಿನ್ನಿನ ಕೆಳಮೂಲೆ ಎರಡೂ ಕಡೆ, ಬಾಗಿಲ ಕೆಳಗಿನ ಪಟ್ಟಿ, ಮುಂದಿನ ಚಕ್ರದ ಹಿಂದೆ ಫೆಂಡರಿನ ತುದಿ, ಇಲ್ಲೆಲ್ಲ ಹಿಡಿದು ನೋಡಿ. ಅಂಟದೆ ಜಾರಿದರೆ ಅಲ್ಲಿ ಪುಟ್ಟಿ ಇದೆ. ಆಮೇಲೆ ಒಳಗೆ ಕಾಲಡಿಯ ಮ್ಯಾಟ್ ಎತ್ತಿ, ಮಾರುವವರು ಬೇಡ ಅಂದರೂ ಎತ್ತಿ. ಗಾಜಿನ ಮುಂದೆ ಗಾಳಿ ಒಳಗೆ ಬರುವ ಜಾಲರಿ ಇದೆಯಲ್ಲ, ಅದರೊಳಗೆ ಎಲೆ ಕಸ ತುಂಬಿಕೊಂಡು ನೀರು ನಿಂತು ತೂತಾಗುತ್ತೆ, ಅಲ್ಲಿಂದ ಸೋರಿ ಬರುವ ನೀರೆಲ್ಲ ಬಂದು ಕೂರುವುದು ಈ ಮ್ಯಾಟ್ ಕೆಳಗೇ. ಕೊನೆಗೆ ಗಾಡಿ ಕೆಳಗೆ ಮಲಗಿ ಕ್ಯಾಬಿನ್ ಚಾಸಿಗೆ ಕೂರುವ ಮುಂದಿನ ಎರಡು ಜಾಗ ಮತ್ತು ರೇಡಿಯೇಟರ್ ಕೂರಿಸಿರುವ ಅಡ್ಡಪಟ್ಟಿ. ಇಷ್ಟು ಗಟ್ಟಿ ಇದ್ದರೆ ನಿಮಗೆ ವೆಲ್ಡಿಂಗ್ ಬರದಿದ್ದರೂ ನಡೆಯುತ್ತೆ. ಇಷ್ಟರಲ್ಲಿ ಎರಡು ಹೋಗಿದ್ದರೂ ವಾಪಸ್ ಬನ್ನಿ.

ರೂಫ್ ಮೇಲಿನ ಪುಡಿಗೆ ಕೈಯಲ್ಲೇ ಮೆಲ್ಲಗೆ ಪಾಲಿಶ್ ಹಾಕಿ, ಮೇಲೆ ವ್ಯಾಕ್ಸ್. ಮಿಷಿನ್ ಹಾಕಿದರೆ ಏಣು ಇರುವ ಕಡೆ ಪ್ರೈಮರ್ ಕಾಣಿಸಿಬಿಡುತ್ತೆ. ಎಲ್ಲಾದರೂ ಉಜ್ಜಲೇಬೇಕಾಗಿ ಬಂದರೆ ಒಣಗಿದ್ದಾಗ ಉಜ್ಜಬೇಡಿ, ಆ ಕಾಲದ ಬಣ್ಣದಲ್ಲಿ ಸೀಸ ಇರುತ್ತಿತ್ತು. ನೀರು ಹಾಕಿಕೊಂಡು ಮಾಡಿ, ಮಾಸ್ಕ್ ಹಾಕಿ.

ಶಿವಮೊಗ್ಗ ಲೇತ್

ನಾನು ಎಫ್-100 ಕಣ್ಣಲ್ಲಿ ನೋಡಿದವನಲ್ಲ. ಲಾರಿ, ಜೀಪು, ಮಟಡೋರ್ ನೋಡಿದವನು. ಆದರೆ ನೀವು ಹಾಕಿದ ಫೋಟೋದಲ್ಲಿ ಮುಂದಿನ ಆಕ್ಸಲ್ ನೋಡಿದೆ, ಅದು ಕಿಂಗ್ ಪಿನ್ ಗಾಡಿ (ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಹೊರಳುವುದು ಆ ಪಿನ್ ಮೇಲೆ), ಹಾಗಾಗಿ ಬಾಯಿ ಹಾಕುತ್ತಿದ್ದೇನೆ.

ಮುಂದಿನ ಚಕ್ರ ಜಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಕೊಡಿ. ಟೈರಿನ ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಾಡಿಸಿ. ಪ್ಲೇ ಇದ್ದರೆ ಬೇರಿಂಗೋ ಕಿಂಗ್ ಪಿನ್ನೋ ಅಂತ ಹೇಗೆ ತಿಳಿಯೋದು? ಒಳಗೆ ಒಬ್ಬರನ್ನು ಕೂರಿಸಿ ಬ್ರೇಕ್ ತುಳಿಸಿ. ಬ್ರೇಕ್ ಹಿಡಿದಾಗ ಪ್ಲೇ ಹೋದರೆ ಬೇರಿಂಗ್, ಟೈಟ್ ಮಾಡಿದರೆ ಆಯ್ತು. ಹಿಡಿದರೂ ಅಲುಗಾಡುತ್ತಿದ್ದರೆ ಕಿಂಗ್ ಪಿನ್ ಬುಶ್ ಹೋಗಿದೆ. ನಿಮ್ಮ ಗಾಡಿಯಲ್ಲಿ ಬ್ರೇಕೇ ಹಿಡಿಯಲ್ಲವಲ್ಲ, ಅದಕ್ಕೆ ಯಾರನ್ನಾದರೂ ಚಕ್ರ ಅಲುಗಾಡಿಸಲು ಬಿಟ್ಟು ನೀವು ಹಿಂದಿನಿಂದ ಪಿನ್ ಇರುವ ಜಾಗಕ್ಕೆ ಬೆರಳಿಟ್ಟು ನೋಡಿ, ಆಡುವುದು ಕೈಗೇ ಗೊತ್ತಾಗುತ್ತೆ. ಹೊಸ ಬುಶ್ ಹಾಕಿದ ಮೇಲೆ ಪಿನ್ನಿಗೆ ಸರಿಯಾಗಿ ರೀಮ್ ಮಾಡಿಸಬೇಕು, ಅಂದ್ರೆ ಬುಶ್ ತೂತನ್ನು ಅಳತೆಗೆ ಕೊರೆಸಬೇಕು. ಅದು ಲೇತ್ ಅಂಗಡಿ ಕೆಲಸ, ಮನೆಯಲ್ಲಿ ಮಾಡಲು ಹೋಗಬೇಡಿ.

ಬ್ರೇಕ್‌ಗೆ ಬರೋಣ. ನಾಲ್ಕೂ ಡ್ರಮ್ ಅಲ್ವಾ? ನಿಂತ ಗಾಡಿಯಲ್ಲಿ ವೀಲ್ ಸಿಲಿಂಡರ್ (ಚಕ್ರದ ಹತ್ತಿರ ಬ್ರೇಕ್ ಒತ್ತುವ ಸಿಲಿಂಡರ್) ಒಳಗೆ ನೀರು ಸೇರಿ ತುಕ್ಕು ಹಿಡಿದಿರುತ್ತೆ. ಡ್ರಮ್ ತೆಗೆದು ಸಿಲಿಂಡರಿನ ತುದಿಯ ರಬ್ಬರ್ ಟೋಪಿ ಬೆರಳಲ್ಲಿ ಸ್ವಲ್ಪ ಎಳೆಯಿರಿ, ಒದ್ದೆ ಇದ್ದರೆ ಸೋರುತ್ತಿದೆ. ಒಂದು ಸೋರಿದರೂ ನಾಲ್ಕು ಕಡೆಯದ್ದೂ ಬದಲಿಸಿ, ಜೊತೆಗೆ ಪೆಡಲ್ ತುಳಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್, ಮೂರು ರಬ್ಬರ್ ಹೋಸ್. ಕಿಟ್ ಹಾಕಿ ರಿಪೇರಿ ಮಾಡುವುದಕ್ಕಿಂತ ಹೊಸದೇ ವಾಸಿ. ಡ್ರಮ್ ಮೇಲೆ ಗರಿಷ್ಠ ಅಳತೆ ಎರಕದಲ್ಲೇ ಬರೆದಿರುತ್ತೆ, ಅದಕ್ಕಿಂತ ಜಾಸ್ತಿ ಸವೆದಿದ್ದರೆ ಟರ್ನಿಂಗ್ ಮಾಡಿಸಬೇಡಿ, ಎಸೆಯಿರಿ. ಒಳಗಿನ ಧೂಳಿಗೆ ಏರ್ ಹೊಡೆಯಲೇಬೇಡಿ. ಹಳೇ ಲೈನರ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತೆ, ನೀರು ಸಿಂಪಡಿಸಿ ಒರೆಸಿ ತೆಗೆಯಿರಿ. ನಮ್ಮ ಕಡೆ ಇದನ್ನೆಲ್ಲ ಯಾರೂ ಲೆಕ್ಕಕ್ಕೆ ತಗೊಳ್ಳದೆ ಬಾಯಲ್ಲೇ ಊದಿದ್ದಾರೆ.

ಟೆಕ್ಸಾಸ್ ತುಮಕೂರು

ಲೇತ್ ಅಣ್ಣ ಹೇಳಿದ್ದೆಲ್ಲ ಸರಿ. ನಾನಾಗಿದ್ದರೆ ಆ ದುಡ್ಡನ್ನು ಡ್ರಮ್ಮಿಗೆ ಸುರಿಯುವ ಬದಲು ಮುಂದೆ ಡಿಸ್ಕ್ ಹಾಕಿಸುತ್ತೇನೆ. 1973ರಲ್ಲಿ ಎಫ್-100ಗೆ ಫೋರ್ಡ್‌ನವರೇ ಮುಂದೆ ಡಿಸ್ಕ್ ಕೊಟ್ಟರು. ಆ ಗಾಡಿಗಳ ಬೀಮ್, ಸ್ಪಿಂಡಲ್ ಗುಜರಿಯಿಂದ ತಂದು ಕೂರಿಸಿದವರು ಬೇಕಾದಷ್ಟು ಜನ. ಈಗಿನ ಫ್ರೀವೇನಲ್ಲಿ ಮುಂದಿನ ಕಾರು ಗಕ್ಕನೆ ನಿಲ್ಲುತ್ತೆ, ನೀವು ನಿಲ್ಲಲ್ಲ.

ಶಿವಮೊಗ್ಗ ಲೇತ್

ಡಿಸ್ಕ್ ಒಳ್ಳೇದೇ, ಬೇಡ ಅನ್ನಲ್ಲ. ಆದರೆ ಅವರು ಪ್ಯಾಡ್ ಬದಲಿಸಲು ಕಲಿತವರು ಅಷ್ಟೇ, ಬಂದ ತಕ್ಷಣ ಮುಂದಿನ ಆಕ್ಸಲ್ ಬಿಚ್ಚಿ ಹರಡಿದರೆ ಆ ಗಾಡಿ ಮತ್ತೆ ಶೆಡ್ಡಿನಲ್ಲೇ ಕೂರುತ್ತೆ. ಅಂಥವು ಎಷ್ಟು ನೋಡಿಲ್ಲ ನಾವು. 72ರ ಗಾಡಿ ಅಂದ್ರೆ ಮಾಸ್ಟರ್ ಸಿಲಿಂಡರ್ ಎರಡು ಮನೆಯದ್ದು, ಮುಂದಿನದು ಕೈ ಕೊಟ್ಟರೆ ಹಿಂದಿನದು ಹಿಡಿಯುತ್ತೆ. ಡ್ರಮ್ ಸರಿಯಾಗಿ ಅಡ್ಜಸ್ಟ್ ಮಾಡಿ ಏರ್ ಪೂರ್ತಿ ತೆಗೆದರೆ ಊರೊಳಗೆ ಓಡಿಸಲು ಧಾರಾಳ ಸಾಕು. ಒಂದು ವರ್ಷ ಓಡಿಸಲಿ, ಗಾಡಿ ಕೈಗೆ ಹತ್ತಲಿ, ಆಮೇಲೆ ಡಿಸ್ಕ್.

ಸ್ಯಾಕ್ರಮೆಂಟೊ ಕನ್ನಡಿಗ

ಎಲ್ಲರಿಗೂ ಥ್ಯಾಂಕ್ಸ್. ಹೋಗಿ ನೋಡಿ ಬಂದೆ. ನಂಬರ್ ಎಫ್10ವೈ, ಅಂದ್ರೆ 360. ಚಾಸಿ ನಂಬರ್ ತಾಳೆ ಆಯ್ತು. ಅಯಸ್ಕಾಂತ ಎಲ್ಲಾ ಕಡೆ ಗಟ್ಟಿಯಾಗಿ ಕಚ್ಚಿಕೊಂಡಿತು. ಮ್ಯಾಟ್ ಕೆಳಗೆ ಧೂಳು, ಒಂದು ಹಳೇ ಪೆನ್ಸಿಲ್, ಪ್ಯಾಸೆಂಜರ್ ಕಡೆ ಮೇಲೆ ಮೇಲೆ ತುಕ್ಕು, ಸ್ಕ್ರೂಡ್ರೈವರ್‌ನಲ್ಲಿ ಒತ್ತಿದರೂ ಒಳಗೆ ಹೋಗಲಿಲ್ಲ. ಸೀಟಿನ ಹಿಂದೆ ಪೆಟ್ರೋಲ್ ವಾಸನೆ ಇದೆ. ಇಂಜಿನ್ ಒಂದೇ ಸಮನೆ ಓಡಲ್ಲ, ಎಲ್ಲೋ ಮಿಸ್ ಆಗುತ್ತಿದೆ. ಗೇರ್ ಆಯಿಲ್ ಕೆಂಪಗಿದೆ, ಸುಟ್ಟ ವಾಸನೆ ಇಲ್ಲ. ಮಾತಾಡಿ 10,500ಕ್ಕೆ ಬಂದಿದ್ದಾರೆ.

ಕಾಗದದ ವಿಷಯ ಕೇಳಿದೆ. ಟೈಟಲ್ (ಗಾಡಿ ಯಾರದ್ದು ಅನ್ನುವ ಕಾಗದ) ಇನ್ನೂ ಅವರ ತಂದೆ ಹೆಸರಲ್ಲೇ ಇದೆ, ತಂದೆ ತೀರಿಕೊಂಡಿದ್ದಾರೆ. ಮಗ ಸೈನ್ ಮಾಡಿ ಕೊಡುತ್ತೇನೆ ಅಂತಾರೆ. ಒಳ್ಳೆಯವರ ಥರ ಕಾಣುತ್ತಾರೆ. ತೊಂದರೆ ಇಲ್ಲ ಅಲ್ವಾ?

ಟೆಕ್ಸಾಸ್ ತುಮಕೂರು

ಮಿಸ್ ಆಗುವುದಕ್ಕೆ ಹೆದರಬೇಡಿ. ಮೊದಲು ಪ್ಲಗ್ ವೈರ್ ಯಾರಾದರೂ ಅದಲು ಬದಲು ಹಾಕಿದ್ದಾರಾ ನೋಡಿ. ಈ ಇಂಜಿನ್ನಿನ ಫೈರಿಂಗ್ ಆರ್ಡರ್, ಅಂದ್ರೆ ಸಿಲಿಂಡರ್‌ಗಳು ಉರಿಯುವ ಸರದಿ, 1-5-4-2-6-3-7-8. ಒಂದರಿಂದ ನಾಲ್ಕು ಪ್ಯಾಸೆಂಜರ್ ಕಡೆ ಮುಂದಿನಿಂದ ಹಿಂದಕ್ಕೆ, ಐದರಿಂದ ಎಂಟು ಡ್ರೈವರ್ ಕಡೆ. ಡಿಸ್ಟ್ರಿಬ್ಯೂಟರ್ ಎಡಕ್ಕೆ ತಿರುಗುತ್ತೆ. ವೈರ್ ಸರಿ ಇದ್ದರೆ ಪಾಯಿಂಟ್, ಕಂಡೆನ್ಸರ್, ಕ್ಯಾಪ್ ಹೊಸದು ಹಾಕಿ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದು ಕಿಟ್ ಹಾಕಿ. ಸುಮ್ನೆ ಇಂಜಿನ್ ಇಳಿಸಿ ಅನ್ನುವ ಮೆಕ್ಯಾನಿಕ್ ಸಿಕ್ಕರೆ ಅಲ್ಲಿಂದ ಓಡಿ. ಇಂಜಿನ್ ಆಯಿಲ್ ಮಾತ್ರ ಝಿಂಕ್ ಜಾಸ್ತಿ ಇರುವುದು ನೋಡಿ ಹಾಕಿ, ಕ್ಯಾಮ್ ಹಳೇ ಥರದ್ದು. ಗೇರ್‌ಬಾಕ್ಸ್ ಫೋರ್ಡ್‌ನ ಸಿ6 ಆಟೋಮ್ಯಾಟಿಕ್ ಆದ್ದರಿಂದ ಆಗಿನ ಆಯಿಲ್ ಟೈಪ್ ಎಫ್.

ಬೇ ಏರಿಯಾ ಬೆಳಗಾವಿ

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ, ಟೈಟಲ್ ಮಾತು ಬಂತಲ್ಲ ಅಂತ ಬರೆಯುತ್ತಿದ್ದೇನೆ. ತೊಂದರೆ ಇದೆ ರೀ. ತೀರಿಕೊಂಡವರ ಹೆಸರಿನ ಟೈಟಲ್ ಮೇಲೆ ಮಗ ಸುಮ್ಮನೆ ಸೈನ್ ಹಾಕಿದರೆ ನಡೆಯಂಗಿಲ್ಲ. ಅರಿಜೋನಾದಲ್ಲಿ ಮಾರುವವರ ಸೈನ್ ನೋಟರಿ ಮುಂದೆ ಆಗಬೇಕು, ಇಲ್ಲಾ ಅಲ್ಲಿನ ಎಂವಿಡಿ (ನಮ್ಮ ಆರ್‌ಟಿಒ ಥರ) ಆಫೀಸಿನವರ ಮುಂದೆ. ತಂದೆ ಹೆಸರಿನದ್ದನ್ನು ಮೊದಲು ಮಗ ತನ್ನ ಹೆಸರಿಗೆ ಮಾಡಿಸಿಕೊಳ್ಳಲಿ. ಕೋರ್ಟಿಗೆ ಹೋಗದೆ ವಾರಸುದಾರರು ಅಫಿಡವಿಟ್ ಕೊಟ್ಟು ಗಾಡಿ ವರ್ಗಾಯಿಸಿಕೊಳ್ಳುವ ದಾರಿ ಅಲ್ಲಿದೆ, ಡೆತ್ ಸರ್ಟಿಫಿಕೇಟ್ ಬೇಕಾಗುತ್ತೆ. ಅಣ್ಣ ತಮ್ಮ ಅಕ್ಕ ತಂಗಿ ಯಾರಾದರೂ ಇದ್ದಾರಾ ಅಂತಲೂ ಕೇಳಿ, ನಾಳೆ ಇನ್ನೊಬ್ಬರು ಬಂದು ಗಾಡಿ ನಮ್ಮದೂ ಅಂದರೆ ಏನು ಮಾಡುತ್ತೀರಿ?

ಕ್ಯಾಲಿಫೋರ್ನಿಯಾದ ಕಡೆ ಸುಲಭ. 1975 ಮತ್ತು ಅದಕ್ಕಿಂತ ಹಳೆಯ ಪೆಟ್ರೋಲ್ ಗಾಡಿಗೆ ಸ್ಮಾಗ್ ಟೆಸ್ಟ್ (ಹೊಗೆ ತಪಾಸಣೆ) ಇಲ್ಲ. ಹೊರ ರಾಜ್ಯದ್ದಾದ್ದರಿಂದ ಚಾಸಿ ನಂಬರ್ ಖುದ್ದು ನೋಡಿ ಸಹಿ ಹಾಕಿಸಿಕೊಳ್ಳಬೇಕು, ಇಲ್ಲಿನ ಆರ್‌ಟಿಒ ಥರದ ಡಿಎಂವಿಯಲ್ಲೇ ಮಾಡುತ್ತಾರೆ. ಕೊಂಡ ಬೆಲೆ ಮೇಲೆ ಯೂಸ್ ಟ್ಯಾಕ್ಸ್ (ಹೊರಗೆ ಕೊಂಡದ್ದಕ್ಕೆ ಇಲ್ಲಿ ಕಟ್ಟುವ ಮಾರಾಟ ತೆರಿಗೆ) ಕಟ್ಟಬೇಕು, ಅದನ್ನು ಬಜೆಟ್ಟಿನಲ್ಲಿ ಇಟ್ಟುಕೊಳ್ಳಿ. ಪಿಕಪ್ ಅಂದರೆ ಇಲ್ಲಿ ಕಮರ್ಷಿಯಲ್ ಪ್ಲೇಟ್, ತೂಕದ ಶುಲ್ಕ ಬೇರೆ. ನೀವು ತರಕಾರಿ ತರಲು ಹೋದರೂ ಅಷ್ಟೇ. ಇನ್ಶೂರೆನ್ಸ್ ಮಾಡಿಸುವಾಗ ಬೆಲೆ ಮೊದಲೇ ಒಪ್ಪಿ ಬರೆದುಕೊಡುವ ಪಾಲಿಸಿ ಕೇಳಿ, ಇಲ್ಲಾಂದ್ರೆ ಐವತ್ತು ವರ್ಷದ ಗಾಡಿ ಅಂತ ಪುಡಿಗಾಸು ಕೊಟ್ಟು ಕಳಿಸುತ್ತಾರೆ.

ಟೈಟಲ್ ಮಗನ ಹೆಸರಿಗೆ ಬಂದ ಮೇಲೆ ಹಣ. ಅಲ್ಲಿವರೆಗೂ ಬೇಕಾದರೆ ಸಣ್ಣ ಅಡ್ವಾನ್ಸ್ ಕೊಟ್ಟು, ಬರೆಸಿಕೊಂಡು ಇಡಿ.

ಸ್ಯಾಕ್ರಮೆಂಟೊ ಕನ್ನಡಿಗ

ಫೋನ್ ಮಾಡಿದೆ. ಒಬ್ಬ ಅಕ್ಕ ಇದ್ದಾರಂತೆ, ನ್ಯೂ ಮೆಕ್ಸಿಕೊದಲ್ಲಿ. ಇಬ್ಬರೂ ಸೇರಿ ಕಾಗದ ಮಾಡಿಸುತ್ತೇವೆ, ಒಂದು ತಿಂಗಳು ಕೊಡಿ ಅಂದರು. 500 ಡಾಲರ್ ಅಡ್ವಾನ್ಸ್ ಕೊಟ್ಟು ರಸೀದಿ ತಗೊಂಡಿದ್ದೇನೆ. ಅಷ್ಟರಲ್ಲಿ ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್, ಹೋಸ್ ಆರ್ಡರ್ ಮಾಡುತ್ತೇನೆ. ಲೇತ್ ಸರ್, ಹೊಸ ಲೈನರ್ ಈಗಲೇ ತರಿಸಲಾ ಅಥವಾ ಡ್ರಮ್ ಅಳೆದ ಮೇಲೆ ತರಿಸಲಾ?

ಶಿವಮೊಗ್ಗ ಲೇತ್

ಡ್ರಮ್ ಅಳೆದ ಮೇಲೆ. ಮನೆಯಲ್ಲಿ ಹೇಳಿದ್ರಾ?