ಸಹಾಯ ಬೇಕು: ಮೊಗ್ಗು ಬಿಟ್ಟಿರುವ ಹೋಯಾದ ಕುಂಡ ಈಗಲೇ ಬದಲಿಸಬಹುದಾ?

ಎಲ್ಲರಿಗೂ ನಮಸ್ಕಾರ. ಮೈಸೂರು, ಪೂರ್ವಕ್ಕಿರುವ ಬಾಲ್ಕನಿ, ಬೆಳಗಿನ ಬಿಸಿಲು ಮಾತ್ರ. ಗಿಡ ಹೋಯಾ ಕಾರ್ನೋಸಾ (ಮೇಣದಂಥ ಹೂಗೊಂಚಲು ಬಿಡುವ ಬಳ್ಳಿ), 4 ಇಂಚಿನ ಪ್ಲಾಸ್ಟಿಕ್ ಕುಂಡ, ನರ್ಸರಿಯವರು ತುಂಬಿದ ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ).

ಕೆಳಗಿನ ಎಲೆಗಳು ಸುಕ್ಕುಗಟ್ಟಿ ಮೆತ್ತಗಾಗಿವೆ. ಮೇಲ್ಪದರ ಒಣಗಿದೆ, ತಳದ ತೂತಿಗೆ ಬೆರಳಿಟ್ಟರೆ ಇನ್ನೂ ಒದ್ದೆ. ಪೂರ್ತಿ ಒಣಗಿ ಸುಕ್ಕಾಗಿದ್ದರೆ ನೀರು ಹಾಕಿದ ಎರಡು ಮೂರು ದಿನಕ್ಕೆ ಎಲೆ ಗಟ್ಟಿಯಾಗುತ್ತದೆ. ಒದ್ದೆಯಿದ್ದೂ ಸುಕ್ಕಾಗಿದೆ ಅಂದರೆ ಬೇರು ಕೊಳೆತು ನೀರು ಹೀರುತ್ತಿಲ್ಲ. ಹಾಗಾಗಿ ಹೂವು ಮುಗಿಯಲಿ ಅಂತ ಕಾಯುವುದು ಸರಿಯಲ್ಲ ಅನ್ನಿಸುತ್ತಿದೆ.

ಯೋಚನೆ ಹೀಗಿದೆ: ಕೋಕೋಪೀಟ್ ಪೂರ್ತಿ ಉದುರಿಸಿ, ಎಳೆದರೆ ಸಿಪ್ಪೆ ಕಳಚಿ ಬರುವ ಕಪ್ಪು ಬೇರು ಕತ್ತರಿಸಿ, ಮತ್ತೆ 4 ಇಂಚಿನ ಕುಂಡಕ್ಕೇ ಹಾಕುವುದು. ಬೇರು ಕಮ್ಮಿಯಾದಾಗ ದೊಡ್ಡ ಕುಂಡ ಕೊಟ್ಟರೆ ತೇವ ಆರದೆ ಮತ್ತೆ ಕೊಳೆಯುತ್ತದೆ. ಮಿಶ್ರಣ: ಪೈನ್ ತೊಗಟೆ 2 ಪಾಲು, ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) 1, ಕೋಕೋಪೀಟ್ 1, ಒಂದು ಹಿಡಿ ಇದ್ದಿಲ ಚೂರು. ಮರದ ಮೇಲೆ ಹಬ್ಬುವ ಗಿಡ (ನಮ್ಮ ಪಶ್ಚಿಮ ಘಟ್ಟದ ಹೋಯಾ ವೈಟಿಯೈ ಕೂಡ ಹಾಗೇ), ಬೇರಿಗೆ ಗಾಳಿ ಆಡಲೇಬೇಕು.

ಗೊತ್ತಿರುವವರು ದಯವಿಟ್ಟು ಹೇಳಿ:

ಹೂಗೊಂಚಲಿನ ತೊಟ್ಟು ಕತ್ತರಿಸುವುದಿಲ್ಲ, ಮುಂದಿನ ಸಲವೂ ಅದರಲ್ಲೇ ಹೂ ಬರುತ್ತದೆ. ಆದರೆ ಬೇರು ಚೇತರಿಸಿಕೊಳ್ಳಲಿ ಅಂತ ಮೊಗ್ಗುಗಳನ್ನು ಮಾತ್ರ ತೆಗೆಯಬೇಕಾ?

ಪೈನ್ ತೊಗಟೆ ಸಿಗದಿದ್ದರೆ, ಉಪ್ಪು ಹೋಗುವಂತೆ ನೆನೆಸಿ ತೊಳೆದ ತೆಂಗಿನ ಸಿಪ್ಪೆಯ ತುಂಡು ಮಳೆಗಾಲದಲ್ಲಿ ನಡೆಯುತ್ತಾ, ತೇವ ಜಾಸ್ತಿ ಹಿಡಿದುಕೊಳ್ಳುತ್ತಾ?

ಬೇರು ಕತ್ತರಿಸಿದ ಮೇಲೆ ಎಷ್ಟು ದಿನ ಬಿಟ್ಟು ನೀರು ಹಾಕುತ್ತೀರಿ?

ಎಲೆಕಂಕುಳಲ್ಲಿ ಬಿಳಿ ಹಿಟ್ಟುತಿಗಣೆಯೂ ಇದೆ. ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಒರೆಸಿದರೆ ಸಾಕಾ, ಬೇವಿನೆಣ್ಣೆ ಈಗಲೇ ಸಿಂಪಡಿಸಬಹುದಾ?