ಥಾರ್‌ಗೆ ಲಿಫ್ಟ್ ಹಾಕಿಸಿದ ಮೇಲೆ ಲಿಂಕ್ ರಾಡ್ ಬದಲಿಸಬೇಕಾ?

ಪ್ರಶ್ನೆ: ಸರ್, ನಮ್ಮದು 2021ರ ಥಾರ್. ಸಕಲೇಶಪುರದ ಹತ್ತಿರ ತೋಟ, ದಿನಾ ಕಲ್ಲು-ಕೊರಕಲಿನ ದಾರಿ. ಹೋದ ತಿಂಗಳು ಗಾಡಿ ಎತ್ತರಿಸೋಕೆ 2 ಇಂಚು ಲಿಫ್ಟ್ ಕಿಟ್ ಹಾಕಿಸಿದೆ. ಈಗ ಗುಂಡಿಗೆ ಇಳಿದಾಗೆಲ್ಲ ಹಿಂದಿನಿಂದ ಟಕ್ ಟಕ್ ಸದ್ದು. ಅಂಗಡಿಯವರು ದಪ್ಪನೆಯ ಅಡ್ಜಸ್ಟಬಲ್ ಸ್ವೇ ಬಾರ್ ಲಿಂಕ್ ಹಾಕಿಸಿ ಅಂತಾರೆ. ಬೇಕೇ ಬೇಕಾ?

ಉತ್ತರ: ಬೇಕಾಗಬಹುದು. ಆದರೆ ನೀವು ನೋಡಬೇಕಾದ್ದು ದಪ್ಪ ಅಲ್ಲ, ಉದ್ದ. ತಿರುವಿನಲ್ಲಿ ಗಾಡಿ ವಾಲದಂತೆ ತಡೆಯೋ ಅಡ್ಡ ಕಂಬಿಯೇ ಸ್ವೇ ಬಾರ್. ಅದರ ತುದಿಯ ತೋಳಿಗೆ ಕೂಡುವ ಸಣ್ಣ ರಾಡ್ ಲಿಂಕ್, ಅದರ ತುದಿಗಳಲ್ಲಿ ತಿರುಗುವ ಜಾಯಿಂಟ್ ಇರುತ್ತೆ.

ಮೊದಲು ಸದ್ದು ಎಲ್ಲಿಂದ ಅಂತ ಖಚಿತ ಮಾಡಿಕೊಳ್ಳಿ. ಗಾಡಿ ನಾಲ್ಕೂ ಚಕ್ರದ ಮೇಲೆ ಸಮತಟ್ಟಾಗಿ ನಿಂತಿರಲಿ, ಎಂಜಿನ್ ಆಫ್. ಕೆಳಗೆ ಕೈ ಹಾಕಿ ಲಿಂಕ್ ಹಿಡಿದು ಜೋರಾಗಿ ಅಲ್ಲಾಡಿಸಿ. ಕೈಗೇ ಕಟಕ್ ಅಂತ ತಾಗಿದರೆ ಜಾಯಿಂಟ್ ಸವೆದಿದೆ. ಜಾಯಿಂಟ್ ಮುಚ್ಚಿರುವ ರಬ್ಬರ್ ಬೂಟ್ ಹರಿದು ಒಳಗೆ ಕೆಸರು ಹೋಗಿದ್ದರೂ ಅದರ ಕಥೆ ಮುಗಿಯಿತು.

ಥಾರ್‌ನ ಹಿಂದೆ ಎರಡೂ ಚಕ್ರ ಕೂಡಿಸುವ ಒಂದೇ ಗಟ್ಟಿ ಆಕ್ಸಲ್ ಇದೆ. ಲಿಫ್ಟ್ ಆದಮೇಲೆ ಚಾಸಿ 2 ಇಂಚು ಮೇಲೆ ಹೋಯಿತು, ಲಿಂಕ್ ಮಾತ್ರ ಹಳೇ ಉದ್ದದ್ದೇ. ಹಾಗಾಗಿ ಬಾರ್‌ನ ತೋಳು ಸದಾ ಓರೆಯಾಗೇ ನಿಂತಿರುತ್ತೆ. ಚಕ್ರ ಕೊರಕಲಿಗೆ ಇಳಿದರೆ ತೋಳು, ಲಿಂಕ್ ಎರಡೂ ಒಂದೇ ಗೆರೆಗೆ ಬರುತ್ತವೆ, ಜಾಯಿಂಟ್ ತಿರುಗಲು ಜಾಗವಿಲ್ಲದೆ ಬಡಿಯುತ್ತೆ. ಎಷ್ಟೇ ದಪ್ಪನೆಯ ಲಿಂಕ್ ಹಾಕಿದರೂ ಉದ್ದ ಸರಿಯಿಲ್ಲದಿದ್ದರೆ ಇದು ನಿಲ್ಲಲ್ಲ.

ಪ್ರಶ್ನೆ: ಹಾಗಾದರೆ ಮುಂದೆ, ಹಿಂದೆ ಎರಡಕ್ಕೂ 2 ಇಂಚು ಉದ್ದದ್ದು ತರಲಾ ಸರ್?

ಉತ್ತರ: ಬೇಡ, ಅಳತೆ ಮಾಡದೆ ತರಬೇಡಿ. ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ಅಂದರೆ ಒಂದೊಂದು ಚಕ್ರವೂ ತನ್ನಷ್ಟಕ್ಕೆ ಏರಿಳಿಯುತ್ತೆ. ಅಲ್ಲಿ ಲಿಂಕ್ ಚಕ್ರದಿಂದ ಎಷ್ಟು ಒಳಗೆ ಕೂತಿದೆಯೋ ಅಷ್ಟು ಕಡಿಮೆ ಉದ್ದ ಸಾಕು. ಎರಡೂ ಬದಿಯ ಲಿಂಕ್ ಬಿಚ್ಚಿ, ಬಾರ್‌ನ ತೋಳನ್ನು ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರವಾಗಿ ಹಿಡಿದು, ಲಿಂಕ್ ಕೂರುವ ಒಂದು ತೂತಿನ ನಡುವಿನಿಂದ ಇನ್ನೊಂದರ ನಡುವಿಗೆ ಟೇಪ್ ಹಿಡಿಯಿರಿ. ಅದೇ ನಿಮ್ಮ ಅಳತೆ.

ಒಂದೇ ಚಕ್ರ ಜಾಕ್ ಮೇಲಿಟ್ಟು ಬಿಚ್ಚಬೇಡಿ, ಬಾರ್ ತಿರುಚಿಕೊಂಡಿರುತ್ತೆ, ಬಿಚ್ಚಿದ ಕ್ಷಣ ಕೈಗೆ ಹೊಡೆಯುತ್ತೆ. ನಟ್ ಜೊತೆ ಜಾಯಿಂಟ್‌ನ ಪಿನ್ನೂ ಸುತ್ತಿದರೆ ಪಿನ್ ತುದಿಗೆ ಅಲೆನ್ ಕೀ ಕೊಟ್ಟು ಹಿಡಿದುಕೊಳ್ಳಿ.

ಜಾಯಿಂಟ್ ಆರಿಸುವಾಗ ಬೂಟ್ ಇರುವ, ಗ್ರೀಸ್ ಹೊಡೆಯಲು ನಿಪ್ಪಲ್ ಇರುವುದನ್ನೇ ತಗೊಳ್ಳಿ. ಬೂಟ್ ಇಲ್ಲದ ರಾಡ್ ಎಂಡ್ (ಮುಚ್ಚಳವಿಲ್ಲದ ಲೋಹದ ಗುಂಡು-ಜಾಯಿಂಟ್) ನೋಡೋಕೆ ಚೆಂದ, ಆದರೆ ನಿಮ್ಮ ಕಡೆಯ ಮಳೆಗಾಲದ ಕೆಸರಿಗೆ ತಡೆಯಲ್ಲ. ಕೂಡಿಸಿದ ಮೇಲೆ ಸ್ಟೀರಿಂಗ್ ಪೂರ್ತಿ ಎಡಕ್ಕೆ, ಬಲಕ್ಕೆ ತಿರುಗಿಸಿ, ಬ್ರೇಕ್ ಹೋಸ್‌ಗೆ ಲಿಂಕ್ ತಾಗುತ್ತಾ ನೋಡಿ. 500 ಕಿ.ಮೀ. ಓಡಿದ ಮೇಲೆ ಲಾಕ್ ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ.

ಪ್ರಶ್ನೆ: ಸರ್, ಅಲ್ಲಾಡಿಸಿ ನೋಡಿದೆ. ಹಿಂದಿನ ಎಡಗಡೆ ಬೂಟ್ ಹರಿದಿದೆ.

ಉತ್ತರ: ಬಲಗಡೆಯದ್ದೂ ಸೇರಿಸಿ ಜೋಡಿಯಾಗೇ ಬದಲಿಸಿ.